ನಲವತ್ತೊಂದನೇ ಬಿಲ್ಲೆ

ಜುಲೈ 1, ಸೋಮವಾರ. ಮಧ್ಯಾಹ್ನ 1:20

ಕ್ಯಾಬಿನ್ನಿನ ಎಸಿ ಮತ್ತೆ ಸೋರುತ್ತಿದೆ. ಬಕೆಟ್ ಇಟ್ಟೆ. ಕಂಪ್ಲೇಂಟ್ ಕೊಟ್ಟು ಹದಿನಾರು ದಿನ. ಕೇಳಿದರೆ 'ಬುಕ್ರಾ'. ನಾಳೆಯಂತೆ. ಇವರ ನಾಳೆ ಬರುವ ಹೊತ್ತಿಗೆ ನಾನು ಊರಿನ ಇಗರ್ಜಿಯ ಹಿತ್ತಲಲ್ಲಿ ಮಣ್ಣಿನಡಿ ಮಲಗಿರುತ್ತೇನೆ.

ಹೊರಗೆ ನಲವತ್ತೆಂಟು ಡಿಗ್ರಿ. ಬೇಸಿಗೆಯ ಕಾನೂನು — ಹನ್ನೆರಡೂವರೆಯಿಂದ ಮೂರರವರೆಗೆ ಬಿಸಿಲಲ್ಲಿ ಯಾರೂ ಕೆಲಸ ಮಾಡುವಂತಿಲ್ಲ. ಎಲ್ಲರೂ ಕಲ್ಲಿನ ಕೋರೆಯಿಂದ ಹತ್ತಿ ಬಂದು ಬಸ್ಸಿನಲ್ಲಿ ಕ್ಯಾಂಪಿಗೆ. ಕೋರೆ ಖಾಲಿಯಾದ ಹೊತ್ತು ನೋಡಿ ಬ್ಲಾಸ್ಟಿಂಗ್. ಒಂದು ಗಂಟೆಗೆ ನೆಲ ನಡುಗುತ್ತದೆ, ಚಹಾದ ಲೋಟ ಮೇಜಿನ ಮೇಲೆ ಒಂದಿಂಚು ಜರುಗುತ್ತದೆ. ಆಮೇಲೆ ಮೂರರವರೆಗೆ ನನ್ನ ಸಮಯ.

ಬರೆಯುವುದು ಕನ್ನಡದಲ್ಲಿ. ಒಳ್ಳೆಯ ಕಾರಣ ಇದೆ. ಹೆಂಡತಿ ಜೋಸ್ಫಿನ್ ಮುಂಬೈಯಲ್ಲಿ ಕಲಿತವಳು, ಓದಲು ಬರುವುದಿಲ್ಲ. ಮಗ ಶೆಲ್ಡನ್‌ಗೆ ಕನ್ನಡ ಅಂದರೆ ಊರಿನ ಬಸ್ಸಿನ ಬೋರ್ಡು. ಆಫೀಸಿನಲ್ಲಿ ಯಾರಿಗೂ ಬರುವುದಿಲ್ಲ. ಹಾಗಾಗಿ ಎಸಿಗೂ ಮ್ಯಾನೇಜರಿಗೂ ಬೇಕಾದ್ದು ಬೈಯಬಹುದು.

ಅಬುಧಾಬಿಯ ಎಣ್ಣೆ ಊರು ರುವೈಸ್‌ನಿಂದ ದಕ್ಷಿಣಕ್ಕೆ ಒಂದೂವರೆ ಗಂಟೆ. ನಕ್ಷೆಯಲ್ಲಿ ಹೆಸರಿಲ್ಲ. ಡ್ರೈವರುಗಳು 'ಕಿಲೋ ಎಂಬತ್ತು' ಅನ್ನುತ್ತಾರೆ. ರುವೈಸ್‌ನ ಎಂಜಿನಿಯರುಗಳಿಗೆ ಕಂಪೆನಿ ಮನೆ, ಈಜುಕೊಳ, ಮಕ್ಕಳಿಗೆ ಶಾಲೆ. ನಮಗೆ ಅವರ ರಸ್ತೆಯ ಕೆಳಗೆ ಹಾಕುವ ಕಲ್ಲು. ಹತ್ತೊಂಬತ್ತು ವರ್ಷದಿಂದ ಈ ಗೇಟಿನಲ್ಲಿ ಕೂತಿದ್ದೇನೆ, ನಾನು, ನಾರ್ಬರ್ಟ್, ಟೈಮ್‌ಕೀಪರ್. ಕೀಪ್ ಮಾಡಿದ್ದು ಇವರ ಟೈಮ್. ನನ್ನದು ಎಲ್ಲಿ ಹೋಯಿತೋ.

ಜುಲೈ 2, ಮಂಗಳವಾರ. 1:40

ಹದಿನೇಳನೇ ನಂಬರಿನ ನೇಪಾಳಿ ಇವತ್ತು ಬಾಯಿ ಮಾಡಿದ.

ವಿಷಯ ಬೋರ್ಡಿನದು. ಕ್ಯಾಬಿನ್ನಿನ ಕಿಟಕಿಯ ಪಕ್ಕ ಅರವತ್ತು ಮೊಳೆಯ ಬೋರ್ಡು, ಅರವತ್ತು ತಗಡಿನ ಬಿಲ್ಲೆ. ಕೋರೆಗೆ ಇಳಿಯುವವನು ತನ್ನ ನಂಬರಿನ ಬಿಲ್ಲೆ ಮೊಳೆಗೆ ಸಿಕ್ಕಿಸಿ ಇಳಿಯಬೇಕು. ಹತ್ತಿ ಬಂದ ಮೇಲೆ ತಾನೇ ತೆಗೆದುಕೊಂಡು ಹೋಗಬೇಕು. ಬೋರ್ಡಿನಲ್ಲಿ ಒಂದು ಬಿಲ್ಲೆ ಇದ್ದರೂ ಬ್ಲಾಸ್ಟಿಂಗ್ ಇಲ್ಲ. ಕೋರೆಯ ರೂಲ್ ಅದು.

ಆದರೆ ನಲವತ್ತೆಂಟು ಡಿಗ್ರಿಯಲ್ಲಿ ಐವತ್ತು ಜನರ ಕ್ಯೂ. ನಮ್ಮ ಕಡೆಯವರು ಆರು ಜನ — ಬಂಟ್ವಾಳ, ಉಡುಪಿ, ಕಾರ್ಕಳ. ಅವರು ಕ್ಯೂ ನಿಲ್ಲುವುದಿಲ್ಲ. ಸೀದಾ ಬಸ್ಸಿಗೆ ಹೋಗುತ್ತಾರೆ, ಅವರ ಬಿಲ್ಲೆ ನಾನೇ ತೆಗೆದು ಕಿಸೆಗೆ ಹಾಕಿಕೊಳ್ಳುತ್ತೇನೆ, ಮೂರಕ್ಕೆ ವಾಪಸು ಕೊಡುತ್ತೇನೆ. ಒಂದು ವರ್ಷ ನನ್ನ ರೂಮಿನ ಡ್ರಿಲ್ಲರ್ ಪೂವಪ್ಪನಿಗೆ ಜ್ವರ ಇದ್ದಾಗ ಶುರುವಾದದ್ದು. ಆಮೇಲೆ ಊರಿನವರು ಎಂದ ಮೇಲೆ ಒಬ್ಬನಿಗೆ ಮಾಡಿ ಇನ್ನೊಬ್ಬನಿಗೆ ಬಿಡುವುದು ಹೇಗೆ? ಹದಿಮೂರು ವರ್ಷವಾಯಿತು.

"ಸಾಬ್, ಹಮಾರಾ ಭೀ ನಿಕಾಲ್ ದೋ ನಾ," ಅಂದ ಹದಿನೇಳು, ನಮ್ಮದೂ ತೆಗೆಯಿರಿ ಎಂದು. ನಗುತ್ತಾ ಹೇಳಿದ್ದು. ಆ ನಗು ನನಗೆ ಹಿಡಿಸಲಿಲ್ಲ. ಬೈದೆ. ರೂಲ್ ಅಂದರೆ ರೂಲ್ ಅಂದೆ. ಅವನ ಮುಂದೆಯೇ ಪೂವಪ್ಪನ ನಲವತ್ತೊಂದನ್ನು ಮೊಳೆಯಿಂದ ತೆಗೆದೆ. ನಾನು ಹಾಗೆಯೇ. ಹಿಡಿಸದಿದ್ದರೆ ಬೇರೆ ಗೇಟು ನೋಡಿಕೊಳ್ಳಲಿ.

ಜುಲೈ 3, ಬುಧವಾರ. 1:30

ಮ್ಯಾನೇಜರ್ ಜೀಪು ತೆಗೆದುಕೊಂಡು ಹೋಗಿದ್ದಾನೆ. ಗೆಸ್ಟ್ ಬಂದಿದ್ದಾರಂತೆ, ಅವರಿಗೆ ಮರಳು ಗುಡ್ಡೆ ತೋರಿಸಬೇಕಂತೆ. ಜೀಪು ಇರುವುದು ಒಂದು. ಬ್ಲಾಸ್ಟಿಂಗಿಗೆ ಮುಂಚೆ ಜಂಶೀರ್ ಅದರಲ್ಲಿ ಕೋರೆಯನ್ನು ಒಂದು ಸುತ್ತು ಹಾಕಿ, ಯಾರೂ ಇಲ್ಲ ಎಂದು ನೋಡಿ, ಶೀಟಿಗೆ ಸೈನ್ ಮಾಡಿ, ಆಮೇಲೆ ಮೂರು ಸಲ ಸೈರನ್ ಊದಬೇಕು.

ಜಂಶೀರ್ ಉಪ್ಪಳದವನು. ನಲವತ್ತರ ಹತ್ತಿರ, ಮೂವರು ಹೆಣ್ಣು ಮಕ್ಕಳು. ಕನ್ನಡ, ತುಳು, ಮಲಯಾಳ ಮೂರೂ ಬರುತ್ತದೆ. ನಮ್ಮವನೇ ಅನ್ನಬಹುದು.

"ನಡ್ಕೊಂಡು ಸುತ್ತಿದ್ರೆ ಮುಕ್ಕಾಲು ಗಂಟೆ ಬೇಕು ನಾರ್ಬರ್ಟಣ್ಣ. ಎಂತ ಮಾಡುದು?"

"ಸೈನ್ ಮಾಡು ಮಾರಾಯ. ಬೋರ್ಡು ಉಂಟಲ್ಲ. ಬೋರ್ಡು ಕ್ಲಿಯರ್ ಆದ್ರೆ ಕೋರೆ ಕ್ಲಿಯರ್."

ಮಾಡಿದ. ಕೋರೆ ಅವನಿಗೆ ಗೊತ್ತು, ಆದರೂ ಕೈ ಸ್ವಲ್ಪ ತಡೆಯಿತು. ಹೆದರುಪುಕ್ಕಲ.

ಪೂವಪ್ಪ ಇವತ್ತೂ ಕೊನೆಯವನು. ಕೋರೆಯ ಮೇಲಿನ ಹಂತದಲ್ಲಿ ಹಳೆಯ ನೀರಿನ ಟ್ಯಾಂಕಿನ ಹಿಂದೆ ಮಾತ್ರ ನೆಟ್‌ವರ್ಕ್ ಸಿಗುವುದು. ಡ್ರಿಲ್ ಆಫ್ ಮಾಡಿದವನೇ ಅಲ್ಲಿಗೆ ಓಡುತ್ತಾನೆ, ಹೆಂಡತಿ ಲೋಲಾಕ್ಷಿಗೆ ವಿಡಿಯೊ ಕಾಲ್. ಊರಲ್ಲಿ ಬಚ್ಚಲು ಕಟ್ಟಿಸುತ್ತಿದ್ದಾರೆ. ನಲ್ಲಿ ಎಲ್ಲಿ, ಕಿಟಕಿ ಎಲ್ಲಿ — ಎಲ್ಲವನ್ನೂ ಇಲ್ಲಿಂದಲೇ ತೀರ್ಮಾನ ಮಾಡುವವನು. "ಪೊರ್ಬುಗಳೇ, ನಾಳೆ ಒಗೆಯುವ ಕಲ್ಲು ಬರ್ತದೆ," ಅಂದ ಬಸ್ಸು ಹತ್ತುತ್ತಾ. ಊರಲ್ಲಿ ಕ್ರಿಸ್ತಾಂವರನ್ನು ಕರೆಯುವ ಹಾಗೆಯೇ ಕರೆಯುತ್ತಾನೆ ನನ್ನನ್ನು, ಹದಿನಾಲ್ಕು ವರ್ಷ ಒಂದೇ ರೂಮಿನಲ್ಲಿದ್ದರೂ. ದಿನವಿಡೀ ಕಲ್ಲು ಕೊರೆಯುವವನಿಗೆ ಮನೆಯಲ್ಲಿ ಇನ್ನೊಂದು ಕಲ್ಲಿನ ಚಿಂತೆ ಅಂತ ತಮಾಷೆ ಮಾಡಿದೆ. ಬಿದ್ದು ಬಿದ್ದು ನಕ್ಕ.

ಜುಲೈ 4, ಗುರುವಾರ. 12:15

ಇಷ್ಟು ಬೇಗ ಡೈರಿ ತೆರೆಯುವವನಲ್ಲ. ತಡೆಯಲಾಗುತ್ತಿಲ್ಲ. ಶೆಲ್ಡನ್‌ನ ಮೆಸೇಜು. ದುಬೈಯ ರಾಸ್ ಅಲ್ ಖೋರ್‌ನ ವರ್ಕ್‌ಶಾಪಿನ ಕೆಲಸ ಬಿಟ್ಟನಂತೆ. ಎರಡು ವಾರಕ್ಕೆ! ಯಾರ್ಯಾರ ಕಾಲು ಹಿಡಿದು ಕೊಡಿಸಿದ ಕೆಲಸ. ಕಾರಣ ಏನು? ಶೆಡ್ಡಿನೊಳಗೆ ಸೆಕೆಯಂತೆ. ಸೆಕೆ! ಅಪ್ಪ ಎಲ್ಲಿ ಕೂತಿದ್ದಾನೆ ಎಂದು ಅವನಿಗೆ ಗೊತ್ತಿಲ್ಲವೇ? ಬೈದು ಮೆಸೇಜು ಹಾಕಿದರೆ ಉತ್ತರ — 'ಪಪ್ಪಾ, ಚಿಲ್.'

ಬಸ್ಸು ಬಂತು. ಕ್ಯೂ ಶುರು. ಇರಲಿ, ಒಂದು ಕೈಯಲ್ಲಿ ಬೋರ್ಡು, ಒಂದು ಕೈಯಲ್ಲಿ ಫೋನು. ಇವತ್ತು ಅವನನ್ನು ಬಿಡುವುದಿಲ್ಲ.

ಜುಲೈ 9, ಮಂಗಳವಾರ. 1:10

ಐದು ದಿನ ಬರೆಯಲಿಲ್ಲ. ಬ್ಲಾಸ್ಟಿಂಗ್ ಇಲ್ಲ, ಲೋಟ ಅಲ್ಲಾಡುವುದಿಲ್ಲ. ಈ ಮೌನಕ್ಕೆ ಬೆಂಕಿ ಬೀಳಲಿ.

ಪೂವಪ್ಪ ಒಳಗೆ ಇದ್ದ.

ಟ್ಯಾಂಕಿನ ಹಿಂದೆ. ಗುರುವಾರ ಒಂದು ಗಂಟೆ ಎರಡು ನಿಮಿಷಕ್ಕೆ ಸ್ಫೋಟ. ಕಲ್ಲು ಹಾರಿ ಬಂದು ಟ್ಯಾಂಕು ಮಗುಚಿತು. ಟ್ಯಾಂಕು ಇದ್ದ ಕಾರಣ ಜೀವ ಉಳಿಯಿತು ಅನ್ನುತ್ತಾರೆ. ಎಡಗಾಲು ಮೊಣಕಾಲಿನ ಕೆಳಗೆ ಇಲ್ಲ. ಸಿಟಿಯ ಆಸ್ಪತ್ರೆಗೆ ಹೆಲಿಕಾಪ್ಟರಿನಲ್ಲಿ ಒಯ್ದರು.

ಜಂಶೀರ್ ಕಿಟಕಿಗೆ ಬಂದು ಕೇಳಿದ್ದ. "ಬೋರ್ಡ್ ಕ್ಲಿಯರಾ ಅಣ್ಣ?" ನಾನು ಶೆಲ್ಡನ್‌ಗೆ ಕಿರುಚುತ್ತಿದ್ದೆ. ಹೋಗು ಎಂದು ಕೈ ಬೀಸಿದೆ. "ಕ್ಲಿಯರ್, ಕ್ಲಿಯರ್, ಯಲ್ಲಾ." ಬೋರ್ಡು ಖಾಲಿಯಾಗಿಯೇ ಇತ್ತು. ಯಾಕೆ ಖಾಲಿ ಇತ್ತು? ನಮ್ಮವರ ಆರು ಬಿಲ್ಲೆಯನ್ನು ಒಂದೇ ಬೀಸಿಗೆ ತೆಗೆದಿದ್ದೆ. ಬಸ್ಸಿನ ಕಡೆ ತಲೆ ಎತ್ತಿ ನೋಡಿರಲಿಲ್ಲ. ಆರು ಜನ ಹೋದರೋ ಐವರು ಹೋದರೋ — ನೋಡಿರಲಿಲ್ಲ. ಸಿಟ್ಟಿನಲ್ಲಿದ್ದೆ.

ಅವತ್ತು ಸಂಜೆ ಐದು ಬಿಲ್ಲೆ ಐವರಿಗೆ ಕೊಟ್ಟೆ. ರೂಮಿಗೆ ಬಂದು ಅಂಗಿ ಬಿಚ್ಚಿದಾಗ ಕಿಸೆಯಿಂದ ನೆಲಕ್ಕೆ ಬಿತ್ತು. 41. ಎದುರಿನ ಮಂಚದಲ್ಲಿ ಪೂವಪ್ಪನ ಲುಂಗಿ ಮಡಿಸಿಟ್ಟ ಹಾಗೆಯೇ ಇತ್ತು.

ಜುಲೈ 11, ಗುರುವಾರ. 2:00

ಅಬುಧಾಬಿ ಆಫೀಸಿನಿಂದ ಕ್ಲೈವ್ ಬಂದಿದ್ದ. ಎಚ್ಆರ್. ಮಂಗಳೂರಿನ ಬೆಂದೂರಿನವನು, ಮೂವತ್ತೈದು ಇರಬಹುದು. ಬೂಟಿಗೆ ಧೂಳು ತಾಗಿದ್ದಕ್ಕೆ ಮೊದಲು ಬೇಸರ ಮಾಡಿಕೊಂಡ, ಆಮೇಲೆ ಪೂವಪ್ಪನ ಕಾಲಿಗೆ. ನನ್ನೊಡನೆ ಕೊಂಕಣಿಯಲ್ಲೇ ಮಾತು.

"ಅಂಕಲ್, ಟೆನ್ಶನ್ ಮಾಡ್ಬೇಡಿ. ಪೂವಪ್ಪ ಸ್ಟೇಟ್‌ಮೆಂಟ್ ಕೊಟ್ಟಾಯ್ತು. ಟ್ಯಾಗ್ ನಾನು ಹಾಕ್ಲೇ ಇಲ್ಲ ಅಂತ."

ನನಗೆ ಅರ್ಥವಾಗಲಿಲ್ಲ. ಅವನು ಹಾಕಿದ್ದನ್ನು ನಾನು ನೋಡಿದ್ದೇನೆ. ಬೆಳಿಗ್ಗೆ ಆರಕ್ಕೆ, ಹಾಡು ಗುನುಗುತ್ತಾ.

"ಟ್ಯಾಗ್ ಹಾಕದೆ ಇಳಿದದ್ದು ಅವ್ರ ತಪ್ಪು. ರೌಂಡ್ ಹೋಗದೆ ಸೈನ್ ಮಾಡಿದ್ದು ಜಂಶೀರನ ತಪ್ಪು. ನಿಮ್ಮ ಬೋರ್ಡ್ ಕ್ಲಿಯರ್ ಇತ್ತು. ಸಿಂಪಲ್."

"ಜೀಪು ಅವತ್ತೂ ಇರ್ಲಿಲ್ಲ. ಮ್ಯಾನೇಜರ್ ಹತ್ರ ಇತ್ತು."

"ಅದೆಲ್ಲ ಬರೀಲಿಕ್ಕೆ ಹೋಗ್ಬೇಡಿ ಅಂಕಲ್."

"ಜಂಶೀರ್ ನಮ್ಮ ಊರಿನವನು."

"ಉಪ್ಪಳ ಕೇರಳ ಅಲ್ವಾ?" ಅಂದ. ನಕ್ಕ.

ನಲವತ್ತೊಂದನೇ ಟ್ಯಾಗ್ ಎಲ್ಲಿ ಎಂದು ಕೇಳಿದ. ಗೊತ್ತಿಲ್ಲ ಅಂದೆ. ಕಿಸೆಯಲ್ಲಿತ್ತು, ಎದೆಗೆ ಒತ್ತುತ್ತಿತ್ತು. ಇಂಗ್ಲಿಷಿನಲ್ಲಿ ಟೈಪ್ ಮಾಡಿಕೊಂಡೇ ಬಂದಿದ್ದ ಹಾಳೆ. ಬೋರ್ಡು ಖಾಲಿ ಇತ್ತು, 41ನೇ ಬಿಲ್ಲೆಯನ್ನು ಆ ದಿನ ನಾನು ನೋಡಲಿಲ್ಲ, ಇಷ್ಟೇ. ಸೈನ್ ಮಾಡಿದೆ. ಕೈ ತಡೆಯಲಿಲ್ಲ. ಜಂಶೀರನನ್ನು ಹೆದರುಪುಕ್ಕಲ ಎಂದು ಬರೆದಿದ್ದೆನಲ್ಲ, ಮೇಲೆ ಹೋಗಿ ಓದಿದೆ. ಥೂ.

ಜುಲೈ 14, ಭಾನುವಾರ. ಬನಿಯಾಸ್. ಮಧ್ಯಾಹ್ನ 3:30

ಜೋಸ್ಫಿನ್‌ನ ರೂಮು. ಇಲ್ಲಿನ ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ಅವಳಿಗೆ ಕೆಲಸ. ಹದಿನೈದು ದಿನಕ್ಕೊಮ್ಮೆ ಕಂಪೆನಿ ಬಸ್ಸಿನಲ್ಲಿ ಬರುತ್ತೇನೆ, ಒಂದು ಚೀಲ ಬಟ್ಟೆ ತರುತ್ತೇನೆ. ಕ್ಯಾಂಪಿನಲ್ಲಿ ಮೆಷಿನ್ ಇದೆ. ಆದರೂ ಅವಳೇ ಒಗೆಯಬೇಕು, ಅವಳ ಹಟ.

ಕಿಸೆ ನೋಡದೆ ಮೆಷಿನ್ನಿಗೆ ಹಾಕುವವಳಲ್ಲ. ಲಾಂಡ್ರಿಯವಳು.

ಊಟಕ್ಕೆ ಕೂತಾಗ ಬಿಲ್ಲೆಯನ್ನು ತಟ್ಟೆಯ ಪಕ್ಕ, ಉಪ್ಪಿನ ಡಬ್ಬಿಗೆ ಒರಗಿಸಿ ಇಟ್ಟಿದ್ದಳು. ನಾನು ನೋಡಿದೆ. ಅವಳು ಬಂಗುಡೆ ಸಾರು ಬಡಿಸಿದಳು. ಎರಡನೇ ಸಲ ಅನ್ನವನ್ನೂ ಬಡಿಸಿದಳು. ಪೂವಪ್ಪನ ನಂಬರು ಅವಳಿಗೆ ಗೊತ್ತು, ಎಂದೋ ನಾನೇ ಹೇಳಿದ್ದು.

"ನಿಮ್ಮ ಕನ್ನಡ ಓದ್ಲಿಕ್ಕೆ ನನಗೆ ಬರುದಿಲ್ಲ," ಅಂದಳು ಕೊನೆಗೆ. "ನಂಬರ್ ಓದ್ಲಿಕ್ಕೆ ಬರ್ತದೆ."

ನಾನು ಜೋರು ಮಾಡಿದೆ. ನಿನಗೇನು ಗೊತ್ತು ಕೋರೆಯ ವಿಷಯ, ಕೆಲಸ ಹೋದರೆ ಊರಲ್ಲಿ ಈ ವಯಸ್ಸಿಗೆ ಯಾರು ಕೂರಿಸಿಕೊಳ್ಳುತ್ತಾರೆ, ನಿನ್ನ ಮಗ ಚಿಲ್ ಅನ್ನುತ್ತಾ ತಿರುಗುತ್ತಾನೆ, ಪೊಲೀಸ್ ಕೇಸಾದರೆ ಜೈಲು. ಪಕ್ಕದ ರೂಮಿನವರು ಗೋಡೆ ತಟ್ಟಿದರು.

"ಎಸೀರಿ ಹಾಗಾದ್ರೆ," ಅಂದಳು. "ನನ್ನ ಕಸದ ಡಬ್ಬಿಗೆ ಮಾತ್ರ ಬೇಡ."

ಆಮೇಲೆ ಇಬ್ಬರೂ ಪೂವಪ್ಪ ಇರುವ ಸಿಟಿಯ ಆಸ್ಪತ್ರೆಗೆ ಹೋದೆವು. ಟ್ಯಾಕ್ಸಿಯಲ್ಲಿ ಅವಳು ಕಿಟಕಿಯ ಕಡೆ, ನಾನು ಇನ್ನೊಂದು ಕಿಟಕಿಯ ಕಡೆ.

ಪೂವಪ್ಪ ಎಷ್ಟು ಸಣ್ಣಗಾಗಿದ್ದಾನೆ. ನನ್ನನ್ನು ನೋಡಿ ಮೊದಲು ಅವನೇ ಸಮಾಧಾನ ಮಾಡಿದ. ನನ್ನನ್ನು! ಕೋಪ ನೆತ್ತಿಗೇರಿತು.

"ಯಾಕೆ ಸುಳ್ಳು ಹೇಳಿದ್ದು?"

"ನನ್ನ ಕಾಲು ಹೇಗೂ ಹೋಯ್ತು ಪೊರ್ಬುಗಳೇ. ನಿಮ್ಮ ಕೆಲಸ ಯಾಕೆ ಹೋಗ್ಬೇಕು? ಹದಿನಾಲ್ಕು ವರ್ಷ ಒಂದೇ ರೂಮು ನಾವು."

"ಜಂಶೀರನ ಮೇಲೆ ಹಾಕ್ತಿದ್ದಾರೆ."

ಅದು ಅವನಿಗೆ ಗೊತ್ತಿರಲಿಲ್ಲ. ಮುಖ ತಿರುಗಿಸಿದ. ತನ್ನ ಮೇಲೆ ಹಾಕಿಕೊಂಡರೆ ಅಲ್ಲಿಗೆ ಮುಗಿಯುತ್ತದೆ ಎಂದು ಎಣಿಸಿದ್ದನಂತೆ. ಈ ಒಳ್ಳೆಯವರಿಂದಲೇ ಸಾಯಬೇಕು ನಾವು.

ಸೈರನ್ ಕೇಳಲಿಲ್ಲವಾ ಎಂದು ಕೇಳಿದೆ. ಕೇಳಬಾರದಿತ್ತು.

"ಕೇಳಿತ್ತು. ಮೂರೂ ಕೇಳಿತ್ತು. ಲೋಲಾಕ್ಷಿ ಕಲ್ಲು ತೋರಿಸ್ತಿದ್ಲು — ಬಾವಿ ಬದಿಯಲ್ಲಿ ಇಡುದಾ, ತೆಂಗಿನ ಬುಡದಲ್ಲಾ ಅಂತ. ನಾನು ಎಣಿಸಿದೆ, ಇನ್ನೂ ನಾನು ಮೇಲೆ ಬರ್ಲಿಲ್ಲ. ಪೊರ್ಬು ನನ್ನ ಮೋರೆ ನೋಡದೆ ಬಿಲ್ಲೆ ತೆಗೀಲಿಕ್ಕಿಲ್ಲ. ಸುಮ್ನೆ ಟೆಸ್ಟಿಂಗ್ ಇರ್ಬೇಕು."

ಹದಿಮೂರು ವರ್ಷ ನಾನು ಯಾರ ಮುಖವನ್ನೂ ನೋಡಿಲ್ಲ. ಬಸ್ಸಿನ ಕಡೆ ಹೋಗುವ ಹೆಲ್ಮೆಟ್ಟು ನೋಡಿದ್ದೇನೆ. ಅದನ್ನು ಅವನಿಗೆ ಹೇಳಲಿಲ್ಲ. ಜೋಸ್ಫಿನ್ ಅವನಿಗೆ ಕಿತ್ತಳೆ ಸುಲಿದು ಕೊಡುತ್ತಿದ್ದಳು.

ಜುಲೈ 16, ಮಂಗಳವಾರ. 1:30

ಜಂಶೀರ್ ಕ್ಯಾಬಿನ್ನಿಗೆ ಬಂದ. ಕೆಲಸದಿಂದ ನಿಲ್ಲಿಸಿದ್ದಾರೆ. ಪಾಸ್‌ಪೋರ್ಟನ್ನು ಕಂಪೆನಿ ಆಫೀಸಿನಲ್ಲಿ ಇಟ್ಟುಕೊಂಡಿದ್ದಾರೆ. ವೀಸಾ ಕ್ಯಾನ್ಸಲ್, ಇಪ್ಪತ್ತೈದನೇ ತಾರೀಕಿಗೆ ಊರಿಗೆ. ಇನ್ನು ಈ ದೇಶಕ್ಕೆ ಬರಲಿಕ್ಕಿಲ್ಲ. ಅವರ ಹಾಳೆಗೆ ಸೈನ್ ಮಾಡಿದರೆ ಹೀಗೆ, ಮಾಡದಿದ್ದರೆ ಪೊಲೀಸ್ ಎಂದು ಕ್ಲೈವ್ ಹೇಳಿದನಂತೆ.

"ಅಣ್ಣ, ನಾನು ರೌಂಡ್ ಹೋಗ್ಲಿಲ್ಲ, ಅದು ನನ್ನ ತಪ್ಪೇ. ಅದನ್ನು ಒಪ್ಪಿದ್ದೇನೆ. ಆದ್ರೆ ಬೋರ್ಡ್ ಕೇಳದೆಯೇ ಊದಿದ್ದೇನೆ ಅಂತ ಬರ್ದಿದ್ದಾರೆ. ನಾನು ಕೇಳಿದ್ದೆ. ನೀವು ಕ್ಲಿಯರ್ ಅಂದ್ರಿ. ಅಷ್ಟು ಒಂದು ಹೇಳಿ ಸಾಕು."

"ನನಗೆ ನೆನಪಿಲ್ಲ."

"ಫೋನಲ್ಲಿದ್ರಿ ನೀವು."

"ನೆನಪಿಲ್ಲ ಅಂದೆನಲ್ಲ! ಫೋನಲ್ಲಿದ್ದವನ ಹತ್ರ ಕೇಳಿ ಬ್ಲಾಸ್ಟ್ ಮಾಡುದಾ ನೀನು? ಕಣ್ಣಿಲ್ವಾ ನಿನ್ಗೆ?"

ಎದುರು ಮಾತಾಡಿದ್ದರೆ ನನಗೆ ಸುಲಭವಾಗುತ್ತಿತ್ತು. "ಮಕ್ಕಳಿಗೆ ಎಂತ ಹೇಳುದು ಅಂತ ಗೊತ್ತಾಗುದಿಲ್ಲ. ಅಪ್ಪ ಒಬ್ಬನ ಕಾಲು ತೆಗ್ದ ಅಂತ ಊರಲ್ಲಿ ಸುದ್ದಿ ಆಗಿದೆ," ಅಂದ. ಹೋಗುವಾಗ ಎಸಿಯ ಬಕೆಟ್ ತುಂಬಿದ್ದನ್ನು ನೋಡಿ, ಹೊರಗೆ ಚೆಲ್ಲಿ, ತಂದಿಟ್ಟು ಹೋದ.

ಬಕೆಟನ್ನು ಒದ್ದೆ. ಕಾಲು ನೋಯುತ್ತಿದೆ. ನನಗೆ ನೋಯಲಿಕ್ಕೆ ಕಾಲಾದರೂ ಇದೆ.

ಜುಲೈ 18, ಗುರುವಾರ. 1:15

ಈಗ ನಮ್ಮವರು ಐವರೂ ಕ್ಯೂ ನಿಲ್ಲುತ್ತಾರೆ. ಒಬ್ಬೊಬ್ಬರೇ ಬಂದು ತಮ್ಮ ಬಿಲ್ಲೆ ತೆಗೆಯುತ್ತಾರೆ, ನನ್ನ ಮುಖ ನೋಡುವುದಿಲ್ಲ. ಅವರಿಗೆ ಎಲ್ಲ ಗೊತ್ತು. ಕಾರ್ಕಳದವನು ಮೆಲ್ಲಗೆ ಹೇಳಿದ, "ನಾವು ಯಾರೂ ಬಾಯಿ ಬಿಡ್ಲಿಕ್ಕಿಲ್ಲ. ನಮ್ಮವರಲ್ವ ನೀವು."

ಹದಿಮೂರು ವರ್ಷ ನಾನು ಹೇಳಿದ್ದೂ ಅದೇ ಮಾತು.

ಇಡೀ ಮರುಭೂಮಿ ಇದೆ. ಕಿಟಕಿಯಿಂದ ಕೈ ಬೀಸಿದರೆ ಸಾಕು, ಒಂದು ಗಾಳಿಗೆ ಬಿಲ್ಲೆ ಮರಳಿನಡಿಗೆ ಹೋಗುತ್ತದೆ, ಯಾವನಿಗೂ ಸಿಗುವುದಿಲ್ಲ. ಮೂರು ಸಲ ಕಿಟಕಿ ತೆರೆದೆ. ಬಿಸಿಗಾಳಿ ಒಳಗೆ ಬಂತು, ಅಷ್ಟೇ. ನಿನ್ನೆಯ ಅಂಗಿಯಿಂದ ಇವತ್ತಿನ ಅಂಗಿಗೆ, ಇವತ್ತಿನದರಿಂದ ನಾಳೆಯದಕ್ಕೆ ದಾಟಿಸುತ್ತಿದ್ದೇನೆ.

ಜುಲೈ 22, ಸೋಮವಾರ. 2:10

ನಗಬೇಕೋ ಕೂಗಬೇಕೋ ತಿಳಿಯದು. ನನಗೆ ಪ್ರಶಸ್ತಿ.

ಮೆಸ್ಸಿನಲ್ಲಿ ಎಲ್ಲರನ್ನೂ ಸೇರಿಸಿದರು. ಮ್ಯಾನೇಜರ್ ಮಾತಾಡಿದ. ಹೊಸ ಸೇಫ್ಟಿ ಆಫೀಸರ್ ದುಬೈಯಿಂದ ಬಂದಿದ್ದಾರೆ, ರಶೀದ ಎಂದು ಹೆಸರು. ಹೊರಗಿನವರು, ಬ್ಲಾಸ್ಟಿಂಗ್ ಮತ್ತೆ ಶುರು ಮಾಡಬಹುದೇ ಎಂದು ನೋಡಲು ಕರೆಸಿದ್ದು. ಅವರ ಕಣ್ಣಿಗೆ ಚೆನ್ನಾಗಿ ಕಾಣಬೇಕಲ್ಲ. ಹತ್ತೊಂಬತ್ತು ವರ್ಷ ಬೋರ್ಡಿನ ಶಿಸ್ತು ಕಾಪಾಡಿದ್ದಕ್ಕೆ ಒಂದು ಸರ್ಟಿಫಿಕೇಟು, ಒಂದು ಮಗ್ಗು. ಮಗ್ಗಿನ ಮೇಲೆ ಹಳದಿ ಹೆಲ್ಮೆಟ್ಟಿನ ಚಿತ್ರ. ಕ್ಲೈವ್ ಫೋಟೊ ತೆಗೆದ. "ಸ್ಮೈಲ್ ಅಂಕಲ್."

ಎಲ್ಲರೂ ಚಪ್ಪಾಳೆ ತಟ್ಟಿದರು. ಹದಿನೇಳು ತಟ್ಟಲಿಲ್ಲ. ಕೈಕಟ್ಟಿ ನಿಂತು ನನ್ನನ್ನೇ ನೋಡುತ್ತಿದ್ದ. ಅವನೂ ಅವತ್ತು ಕ್ಯೂನಲ್ಲಿದ್ದ. ನಾನು ಆರು ಬಿಲ್ಲೆ ಬಾಚಿ ಕಿಸೆಗೆ ಹಾಕಿದ್ದನ್ನು ಎರಡಡಿ ದೂರದಿಂದ ನೋಡಿದವನು. ಅವನನ್ನು ಯಾರೂ ಏನೂ ಕೇಳಿಲ್ಲ. ಅವನ ಮಾತು ಯಾರಿಗೆ ಬೇಕು? ಈಗ ಜಂಶೀರನ ಜಾಗಕ್ಕೆ ಅವನನ್ನೇ ಹಾಕಿದ್ದಾರೆ. ಸೈರನ್ ಅವನ ಕೈಯಲ್ಲಿ.

ಹಿಂದಿನ ಬೆಂಚಿನಲ್ಲಿ ಜಂಶೀರ್ ಒಬ್ಬನೇ ಚಪಾತಿ ತಿನ್ನುತ್ತಿದ್ದ. ಗಾಡಿ ಸಿಗುವವರೆಗೆ ಕ್ಯಾಂಪಿನಲ್ಲಿ ಊಟ ಕೊಡುತ್ತಾರೆ, ದೊಡ್ಡ ಉಪಕಾರ. ನಾನು ಮಗ್ಗು ಹಿಡಿದು ಅವನ ಪಕ್ಕದಲ್ಲೇ ದಾಟಿ ಹೋಗಬೇಕಾಯಿತು. "ಕಂಗ್ರಾಟ್ಸ್ ಅಣ್ಣ," ಅಂದ. ಕೊಂಕು ಇದೆಯೇ ಎಂದು ಮುಖ ನೋಡಿದೆ. ಇರಲಿಲ್ಲ. ಇದ್ದಿದ್ದರೆ ಆ ಮಗ್ಗಿನಿಂದಲೇ ಹೊಡೆದು ಹಗುರಾಗುತ್ತಿದ್ದೆ.

ಗುರುವಾರ ಮೊದಲ ಬ್ಲಾಸ್ಟಿಂಗ್. ಅವತ್ತೇ ಸಂಜೆ ಜಂಶೀರನ ವಿಮಾನ.

ಜುಲೈ 24, ಬುಧವಾರ. 1:45

ಶೆಲ್ಡನ್ ಫೋನ್ ಮಾಡಿದ. ಅವತ್ತಿನ ನಂತರ ನಾವು ಮಾತಾಡಿರಲಿಲ್ಲ. ವರ್ಕ್‌ಶಾಪಿಗೆ ವಾಪಸು ಹೋಗುತ್ತಿದ್ದಾನಂತೆ. ಅದಕ್ಕೆ ಫೋನ್ ಮಾಡಿದ್ದಲ್ಲ.

"ಪಪ್ಪಾ, ಮಮ್ಮಿ ಟೋಲ್ಡ್ ಮಿ ಅಬೌಟ್ ಪೂವಪ್ಪ ಅಂಕಲ್. ಆ ದಿನ ನೀವು ನನ್ಗೆ ಬೈತಿರುವಾಗ ಯಾರೋ ಏನೋ ಕೇಳಿದ್ರು. ಯು ಸೆಡ್ ಕ್ಲಿಯರ್, ಕ್ಲಿಯರ್. ಹೂ ವಾಸ್ ದಟ್?"

"ಯಾರೂ ಇಲ್ಲ."

"ಐ ಹರ್ಡ್ ಇಟ್, ಪಪ್ಪಾ."

ಎಷ್ಟು ವರ್ಷದಿಂದ ಹೇಳುತ್ತಿದ್ದೇನೆ, ಅಪ್ಪನ ಮಾತು ಕಿವಿಗೆ ಹಾಕಿಕೋ ಎಂದು. ಹಾಕಿಕೊಂಡದ್ದು ಅದೊಂದನ್ನು. ಫೋನ್ ಇಟ್ಟೆ. ಅಂಗಿಯ ಕಿಸೆ ಹರಿದಿದೆ, ತಗಡಿನ ಅಂಚು ತಾಗಿ.

ಜುಲೈ 25, ಗುರುವಾರ. ಬೆಳಿಗ್ಗೆ 5:50

ಬಸ್ಸಿನಿಂದ ಎಲ್ಲರೂ ಇಳಿದರು. ಬಿಲ್ಲೆ ಹಾಕುತ್ತಿದ್ದಾರೆ. ಪೂವಪ್ಪನ ಮೊಳೆ ಖಾಲಿ. ಅದಕ್ಕೆ ಇನ್ನೂ ಹೊಸಬನನ್ನು ಹಾಕಿಲ್ಲ.

ಜಂಶೀರ್ ಬ್ಯಾಗು ಕಟ್ಟಿ ಕ್ಯಾಂಪಿನ ಗೇಟಿನಲ್ಲಿ ಕೂತಿದ್ದ. ಗಾಡಿ ಎರಡು ಗಂಟೆಗಂತೆ. ಬೆಳಿಗ್ಗೆಯೇ ಬಂದು ಕೂತಿದ್ದಾನೆ. ಒಂದು ಬ್ಯಾಗು, ಒಂದು ಹೊಸ ಸೀಲಿಂಗ್ ಫ್ಯಾನು. ಹನ್ನೆರಡು ವರ್ಷಕ್ಕೆ.

ಅದೇ ದಿನ. 12:48

ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಕೆಟ್ಟದಾಗಿ ಬರುತ್ತಿದೆ. ಪರವಾಗಿಲ್ಲ.

ಎಲ್ಲರೂ ಮೇಲೆ ಬಂದರು. ಎಲ್ಲರನ್ನೂ ನೋಡಿದೆ, ಒಬ್ಬೊಬ್ಬರ ಮುಖ. ಬಿಲ್ಲೆಗಳನ್ನು ತೆಗೆದುಕೊಂಡರು, ಬಸ್ಸು ಹತ್ತಿದರು. ಬೋರ್ಡು ಖಾಲಿ. ಬಸ್ಸು ಹೋಯಿತು.

ಆಗ ಎದ್ದೆ. ಕಿಸೆಯಿಂದ 41 ತೆಗೆದು ಅದರ ಮೊಳೆಗೆ ಹಾಕಿದೆ. ಒಂದು ಕ್ಷಣ ತೂಗಾಡಿ ನಿಂತಿತು.

ಹದಿನೇಳು ಕಿಟಕಿಗೆ ಬಂದ. ಜೀಪಿನಲ್ಲಿ ರೌಂಡ್ ಮುಗಿಸಿ ಬಂದಿದ್ದ, ಹೊಸ ಆಫೀಸರ್ ಇದ್ದಾರಲ್ಲ, ಜೀಪು ಇವತ್ತು ಎಲ್ಲಿಗೂ ಹೋಗಿಲ್ಲ. "ಬೋರ್ಡ್ ಕ್ಲಿಯರ್, ಸಾಬ್?"

"ಕ್ಲಿಯರ್ ನಹೀ ಹೈ. ಏಕ್ ಆದ್ಮಿ ಅಂದರ್ ಹೈ." ಒಬ್ಬ ಒಳಗಿದ್ದಾನೆ ಅಂದೆ.

ಬೋರ್ಡು ನೋಡಿದ. ನಂಬರು ನೋಡಿದ. ನನ್ನನ್ನು ನೋಡಿದ. ವಾಕಿಟಾಕಿ ಬಾಯಿಗೆ ಹಿಡಿದು ಹೇಳಿದ — ಸ್ಟಾಪ್, ಸ್ಟಾಪ್, ಟ್ಯಾಗ್ ಹೈ ಬೋರ್ಡ್ ಮೇ. ಆಮೇಲೆ ಸೈರನ್ನಿನ ಕೀಲಿ ತೆಗೆದು ತನ್ನ ಕಿಸೆಗೆ ಹಾಕಿಕೊಂಡು, ಬಾಗಿಲಿಗೆ ಅಡ್ಡ ನಿಂತ. ಅವನ ಹೆಸರು ಇವತ್ತೂ ಕೇಳಲಿಲ್ಲ. ಕೇಳಬೇಕು.

ವಾಕಿಟಾಕಿಯಲ್ಲಿ ಮ್ಯಾನೇಜರ್ ಕಿರುಚುತ್ತಿದ್ದಾನೆ. ಕ್ಲೈವ್‌ನ ಫೋನು ಮೂರು ಸಲ ಬಂತು, ಎತ್ತಲಿಲ್ಲ. ಕಿರುಚಲಿ. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಈ ಬೋರ್ಡು ಏನನ್ನಾದರೂ ನಿಲ್ಲಿಸಿದೆ.

ಜಂಶೀರನ ಗಾಡಿಗೆ ಇನ್ನೂ ಒಂದು ಗಂಟೆ ಇದೆ.

ಧೂಳು ಕಾಣುತ್ತಿದೆ. ಮ್ಯಾನೇಜರನ ಕಾರು, ಹಿಂದೆ ಕ್ಲೈವ್‌ನ ಬಿಳಿ ಕಾರು. ಮೊದಲು ಇಳಿದವರು ರಶೀದ. ಸೀದಾ ಬೋರ್ಡಿನ ಮುಂದೆ ನಿಂತಿದ್ದಾರೆ. ನಂಬರು ಓದುತ್ತಿದ್ದಾರೆ, ಕೈಯಲ್ಲಿರುವ ಫೈಲು ತೆರೆದು ನೋಡುತ್ತಿದ್ದಾರೆ. ಕ್ಲೈವ್ ಓಡಿ ಬರುತ್ತಿದ್ದಾನೆ, 'ಅಂಕಲ್, ಅಂಕಲ್' ಎಂದು ಕೊಂಕಣಿಯಲ್ಲಿ ಕೂಗುತ್ತಾ.

ರಶೀದ ಕೇಳುವುದು ಇಂಗ್ಲಿಷಿನಲ್ಲಿ. ಇಂಗ್ಲಿಷಿನಲ್ಲಿ ಒಮ್ಮೆ ಸುಳ್ಳಿಗೆ ಸೈನ್ ಮಾಡಿದ್ದೇನೆ. ಈ ಸಲ ನಾಲಿಗೆ ತಪ್ಪಬಾರದು. ಅದಕ್ಕೆ ಮೊದಲು ಇಲ್ಲಿ ಬರೆದುಕೊಳ್ಳುತ್ತೇನೆ, ಇದನ್ನೇ ನೋಡಿ ಹೇಳುತ್ತೇನೆ.

ಜುಲೈ ನಾಲ್ಕು, ಗುರುವಾರ. 41ನೇ ಬಿಲ್ಲೆಯನ್ನು ಪೂವಪ್ಪ ಬೆಳಿಗ್ಗೆ ಹಾಕಿದ್ದ. ಬೋರ್ಡು ಖಾಲಿಯೇ ಎಂದು ಜಂಶೀರ್ ನನ್ನನ್ನು ಕೇಳಿದ್ದ. ಖಾಲಿ ಎಂದು ಹೇಳಿದವನು ನಾನು. ಪೂವಪ್ಪ ಇನ್ನೂ ಒಳಗಿದ್ದಾಗ ಅವನ ಬಿಲ್ಲೆಯನ್ನು ಮೊಳೆಯಿಂದ ತೆಗೆದದ್ದು —